ಹಾಡಿನ ಹಿಂದೆ ಓಡಿದ ಕೈ

ಹಳೇ ದಾಂಡೇಲಿ
೩೦ ಜೂನ್ ೨೦೦೩

ಥಾವರೆಪ್ಪನಿಗೆ ಗೂಳಪ್ಪ ಮಾಡುವ ನಮಸ್ಕಾರ.

ಸುತ್ತು ಬಳಸಿ ಬರೆಯಲು ನನಗೆ ಬರುವುದಿಲ್ಲ, ಓದುವ ತಾಳ್ಮೆ ನಿನಗೂ ಇಲ್ಲ. ಬರುವ ರವಿವಾರದಿಂದ ಮಕ್ಕಳ ಹಾಡಿಗೆ ತಬಲಾ ಬಾರಿಸಲು ನೀನು ದಾಂಡೇಲಿಗೆ ಬರುವ ಜರೂರು ಇಲ್ಲ.

ಶಾಲೆಯವರು ತಬಲಾ ಪೆಟ್ಟಿಗೆ ಕೊಡಿಸಿದ್ದಾರೆ. ಊಟದ ಡಬ್ಬಿಗಿಂತ ದೊಡ್ಡದು, ಹಾರ್ಮೋನಿಯಂಗಿಂತ ಸಣ್ಣದು. ಕರೆಂಟಿಗೆ ಹಚ್ಚಿದರೆ ತಾನೇ ಬಾರಿಸುತ್ತದೆ. ತೀನ್‌ತಾಲ ಅಂದರೆ ತೀನ್‌ತಾಲ, ಝಪ್‌ತಾಲ ಅಂದರೆ ಝಪ್‌ತಾಲ. ಒಂದು ಗುಂಡಿ ಆ ಕಡೆ ತಿರುಗಿಸಿದರೆ ಜೋರು, ಈ ಕಡೆ ತಿರುಗಿಸಿದರೆ ನಿಧಾನ. ಅದಕ್ಕೆ ಹಳಿಯಾಳದಲ್ಲಿ ಬಸ್ ತಪ್ಪುವುದಿಲ್ಲ, ಮೊಣಕಾಲು ನೋಯುವುದಿಲ್ಲ, ಎರಡನೇ ಕಪ್ಪು ಚಹಾ ಕೇಳುವುದಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡ ಬಾಯಾರು ನನ್ನನ್ನು ಕರೆಸಿ, ‘ಗೂಳಪ್ಪ ಮಾಸ್ತರ, ಈ ವರ್ಷದಿಂದ ಎಲ್ಲಾ ಕ್ಲಾಸಿನ್ಯಾಗೂ ಮಷೀನ್ ಉಪಯೋಗ ಮಾಡಬೇಕ್ರಿ, ಸಂಗೀತದ ಕ್ಲಾಸೂ ಬಿಟ್ಟಿಲ್ಲ’ ಅಂದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅರವತ್ತಮೂರಕ್ಕೆ ಇದೊಂದು. ಕಂಪ್ಯೂಟರ್ ಕಲಿಸುವ ಮಾಯಾ ಟೀಚರ್ ಅಂತ ಇದ್ದಾಳೆ, ಬೆಳಗಾವಿ ಕಡೆಯ ಹುಡುಗಿ, ಅಪ್ಪ ನಮ್ಮ ಪೇಪರ್ ಮಿಲ್ಲಿನಲ್ಲೇ ಇದ್ದವನು. ಆಕೆ ಮೂರು ದಿನ ಕೂತು ಕಲಿಸಿದಳು. ಪೆಟ್ಟಿಗೆಯ ಮೇಲೆಲ್ಲ ಇಂಗ್ಲಿಷ್. ನಾನು ಮನೆಯಾಕೆ ಗೋದುಬಾಯಿ ಹಣೆಗೆ ಹಚ್ಚುವ ಟಿಕಳಿ ಪಾಕೀಟು ತಂದು ಗುರುತು ಹಚ್ಚಿದೆ. ಕೆಂಪು ಟಿಕಳಿ ತೀನ್‌ತಾಲ, ಹಸಿರು ಕೆಹೆರವಾ, ಉದ್ದನೆಯದು ಝಪ್‌ತಾಲ. ‘ಪೆಟ್ಟಿಗಿಗೆ ಮುತ್ತೈದಿತನಾ ಕೊಟ್ಟು ನನ್ನ ಹಣಿ ಖಾಲಿ ಮಾಡ್ಯಾರ’ ಎಂದು ಗೋದುಬಾಯಿ ಓಣಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆ.

ನೀನು ಇಪ್ಪತ್ತೆರಡು ವರ್ಷ ಬಂದೆ. ಸಾಕು. ಮನೆಯಲ್ಲಿ ಕಾಲು ಚಾಚಿ ಕೂಡು.

ಇತಿ,
ಗೂಳಪ್ಪ

*

ಸಾಂಬ್ರಾಣಿ
೭ ಜುಲೈ ೨೦೦೩

ಗೂಳಪ್ಪ ಮಾಸ್ತರರಿಗೆ ಥಾವರೆಪ್ಪನ ನಮಸ್ಕಾರಗಳು.

ಪತ್ರ ಮುಟ್ಟಿತು. ಆಗಲಿ. ಇಲ್ಲಿ ಮಳೆ ಚಲೋ ಇದೆ, ಸಸಿ ಹಚ್ಚುವುದು ನಡೆದಿದೆ. ನನ್ನ ತಬಲಾ ಜೋಡಿ ನಿಮ್ಮಲ್ಲಿದೆ. ಬಂದು ಒಯ್ಯುತ್ತೇನೆ.

ಥಾವರೆಪ್ಪ

*

ಹಳೇ ದಾಂಡೇಲಿ
೨೮ ಜುಲೈ ೨೦೦೩

ಥಾವರೆಪ್ಪ,

ಗುರುವಾರ ಹನ್ನೊಂದಕ್ಕೆ ನಾನು ಶಾಲೆಯಲ್ಲಿರುತ್ತೇನೆ ಎಂದು ನಿನಗೆ ಗೊತ್ತು. ಗೊತ್ತಿದ್ದೇ ಬಂದೆ. ಗೋದುಬಾಯಿ ಹೇಳಿದಳು: ‘ಅಣ್ಣಾರು ಕೂಡ್ರಲೇ ಇಲ್ಲ. ನಿಂತ ನಿಂತಾಗ ಅರ್ಧ ಕಪ್ಪು ಚಾ ಕುಡದ್ರು. ಮಾಸ್ತರಗ ಹೇಳ್ರಿ ಅಂದ್ರು. ಏನ್ ಹೇಳ್ಲಿ ಅಂದೆ. ತಬಲಾ ಬಗಲಾಗ ಇಟಗೊಂಡು ಹೋದ್ರು.’ ಏನು ಹೇಳಬೇಕಾಗಿತ್ತೋ ಅದನ್ನು ಬಾಯಿಬಿಟ್ಟು ಹೇಳಬೇಕು. ಅರ್ಧ ಹೇಳಿ ಅರ್ಧ ನುಂಗುವ ಚಟ ನಿನಗೆ ಮೊದಲಿನಿಂದ ಇದೆ.

ಬೇರೆ ವಿಷಯ. ಪೆಟ್ಟಿಗೆಯಲ್ಲಿ ದೋಷವಿದೆ. ಶುರುವಿಗೆ ಸರಿಯಾಗಿ ಬಾರಿಸುತ್ತದೆ. ಹಾಡು ಅರ್ಧಕ್ಕೆ ಬಂತೆನ್ನುವಾಗ ಹಿಂದೆ ಬೀಳುತ್ತದೆ. ಮಕ್ಕಳು ತಾಳದ ಮೊದಲ ಪೆಟ್ಟು ಸಮ್‌ಗೆ ಬಂದು ನಿಂತಿರುತ್ತಾರೆ, ಪೆಟ್ಟಿಗೆ ಇನ್ನೂ ಒಂದು ಮಾತ್ರೆ ಆಚೆ ಎಳೆಯುತ್ತಾ ಕೂತಿರುತ್ತದೆ. ಒಬ್ಬರಿಗಲ್ಲ, ಒಂಬತ್ತು ಮಂದಿಗೂ ಹಾಗೇ. ಲಕ್ಷ್ಮಿ ಅಂತ ಒಬ್ಬಳಿದ್ದಾಳಲ್ಲ, ದನಿ ಚಲೋ ಇರುವವಳು, ಅವಳು ಎರಡು ಮಾತ್ರೆ ಮೊದಲೇ ಮುಟ್ಟುತ್ತಾಳೆ.

ಮಿಲ್ಲಿನ ಪಾಳಿ ಬದಲಾಗುವ ಹೊತ್ತಿಗೆ ಕರೆಂಟು ಜಗ್ಗುತ್ತದೆ, ಅದಕ್ಕೇ ಪೆಟ್ಟಿಗೆ ನಿಧಾನವಾಗುತ್ತದೆ ಎಂದು ನನ್ನ ಲೆಕ್ಕ. ನಮ್ಮ ಓಣಿಯ ವೈರಮನ್ ಯಲ್ಲಪ್ಪನಿಗೆ ತೋರಿಸಿದೆ. ‘ಕಾಕಾ, ಕರೆಂಟ್ ಕಮ್ಮಿ ಆದ್ರ ದನಿ ಸಣ್ಣ ಆದೀತು, ಇಲ್ಲಾ ಬಂದ್ ಬಿದ್ದೀತು. ಹಾಡಿನ ನಡು ಬಂದಾಗಷ್ಟ ಹೆಂಗ ಜಗ್ಗತೈತ್ರಿ?’ ಎಂದು ನಕ್ಕ. ಅವನಿಗೆ ಸಂಗೀತ ಗೊತ್ತಿಲ್ಲ.

ಇತಿ,
ಗೂಳಪ್ಪ

*

ಹಳೇ ದಾಂಡೇಲಿ
೧೫ ಸೆಪ್ಟೆಂಬರ್ ೨೦೦೩

ಥಾವರೆಪ್ಪ,

ಉತ್ತರ ಬರೆಯಲಿಲ್ಲ. ಬೇಡ. ನಾನು ಬರೆಯುತ್ತೇನೆ, ನೀನು ಓದು.

ಪೆಟ್ಟಿಗೆಯನ್ನು ಹುಬ್ಬಳ್ಳಿಯ ಅಂಗಡಿಗೆ ಒಯ್ದೆ. ಅಂಗಡಿಯವನು ಕೈಗಡಿಯಾರ ಬಿಚ್ಚಿ ಪೆಟ್ಟಿಗೆಯ ಮಗ್ಗುಲಲ್ಲಿ ಇಟ್ಟ. ಐದು ನಿಮಿಷ ಬಾರಿಸಿ ಎಣಿಸಿದ. ‘ಯಜಮಾನ್ರ, ಮಷೀನ್ ಸರಿ ಐತ್ರಿ’ ಅಂದ. ‘ನಿನ್ನ ಗಡಿಯಾರ ಸರಿ ಇಲ್ಲ’ ಅಂದೆ. ಗೋಡೆಯ ಗಡಿಯಾರ ತೋರಿಸಿದ. ಜಗಳ ಮಾಡಿ ಬೇರೆ ಪೆಟ್ಟಿಗೆ ತಂದೆ. ಟಿಕಳಿಗಳನ್ನೆಲ್ಲ ಕಿತ್ತು ಇದಕ್ಕೆ ಹಚ್ಚಿದೆ.

ಇದೂ ಹಿಂದೆ ಬೀಳುತ್ತದೆ. ಅದೇ ಜಾಗದಲ್ಲಿ. ಭೂಪ ರಾಗದ ಹಾಡಿನ ಎರಡನೇ ಭಾಗ, ಅಂತರಾದಲ್ಲಿ ಮೇಲಿನ ಷಡ್ಜ ಹಿಡಿದು ಕೆಳಗಿಳಿಯುತ್ತೇವಲ್ಲ, ಅಲ್ಲಿ. ಒಂದೇ ಕಂಪನಿಯ ಎರಡು ಪೆಟ್ಟಿಗೆಗೂ ಒಂದೇ ಜಾಗದಲ್ಲಿ ರೋಗ. ಮತ್ತೆ ಒಯ್ದೆ. ಅಂಗಡಿಯವನು ಈ ಸಲ ಗಡಿಯಾರ ತೆಗೆಯಲಿಲ್ಲ, ಚಹಾ ತರಿಸಿದ. ‘ಯಜಮಾನ್ರ, ಹಾಡವ್ರನ್ನ ಕರಕೊಂಡು ಬರ್ರಿ, ನೋಡೂಣು’ ಅಂದ. ಚಹಾ ಬಿಟ್ಟು ಎದ್ದು ಬಂದೆ.

ಮಾರ್ಚ್ ಕೊನೆಗೆ ಮಕ್ಕಳ ಸಂಗೀತ ಪರೀಕ್ಷೆ. ಇಷ್ಟು ವರ್ಷ ನೀನೇ ಹೋಗಿ ಅವರ ಹಾಡಿಗೆ ಬಾರಿಸುತ್ತಿದ್ದೆ. ಈ ಸಲ ಪರೀಕ್ಷೆ ನಡೆಸುವವರೇ ತಮ್ಮ ತಬಲಜಿಯನ್ನು ಕೂಡಿಸುತ್ತಾರಂತೆ. ಯಾರೋ ಏನೋ. ಅಷ್ಟರೊಳಗೆ ಪೆಟ್ಟಿಗೆ ಸರಿಯಾಗಬೇಕು.

ನಿನಗೆ ಒಂದು ಮಾತು ಕೇಳುತ್ತೇನೆ. ನೀನು ಬಾರಿಸುವಾಗ ಆ ಜಾಗದಲ್ಲಿ ಇಂಥ ತೊಂದರೆ ಎಂದೂ ಬರಲಿಲ್ಲ. ಯಾಕೆ?

ಇತಿ,
ಗೂಳಪ್ಪ

*

ಸಾಂಬ್ರಾಣಿ
೩ ಅಕ್ಟೋಬರ್ ೨೦೦೩

ಮಾಸ್ತರರಿಗೆ ನಮಸ್ಕಾರಗಳು.

ಪೆಟ್ಟಿಗೆಯ ಬಗ್ಗೆ ನನಗೆ ತಿಳಿಯದು. ಗಡಿಯಾರ ಇಟ್ಟು ನೋಡಿದವನ ಮಾತು ಖರೆ ಇರಬೇಕು. ನಮ್ಮ ಮನೆಯಾಕೆ ಭೀಮಿಬಾಯಿಗೆ ಜ್ವರ ಬಂದಿತ್ತು, ಈಗ ಆರಾಮ ಇದ್ದಾಳೆ.

ಥಾವರೆಪ್ಪ

*

ಹಳೇ ದಾಂಡೇಲಿ
೧೭ ನವೆಂಬರ್ ೨೦೦೩

ಥಾವರೆಪ್ಪ,

ಭೀಮಿಬಾಯಿಗೆ ಆರಾಮಾದದ್ದು ಓದಿದೆ. ಬಿಸಿನೀರು ಕುಡಿಯಲು ಹೇಳು.

ನಿನ್ನ ಕಾರ್ಡಿನಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಇಲ್ಲ. ಇರಲಿ.

ಪೆಟ್ಟಿಗೆಯ ದೋಷ ಬರೆದು ಕೊಡಿ, ಕಂಪನಿಗೆ ಕಳಿಸುತ್ತೇವೆ ಎಂದು ದೊಡ್ಡ ಬಾಯಾರು ಹೇಳಿದರು. ಬರೆಯುವುದಕ್ಕೆ ಮಾಯಾ ಟೀಚರ್ ಹತ್ತಿರ ಹೋದೆ. ಆಕೆ, ‘ಸರ್, ಬರ್ಯೂದಕ್ಕಿಂತ ತೋರ್ಸೂದು ಚಲೋರೀ. ಕಂಪ್ಯೂಟರಿನ್ಯಾಗ ಹಿಡಿಯೂಣು’ ಅಂದಳು. ಕಂಪ್ಯೂಟರ್ ಕೋಣೆಯಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಗೊತ್ತೇನು, ಗುಡಿಯ ಹಾಗೆ. ಒಂದು ಸಣ್ಣ ಮೈಕು ಇಟ್ಟಳು. ಪೆಟ್ಟಿಗೆ ಹಚ್ಚಿ ಒಬ್ಬೊಬ್ಬರನ್ನೇ ಹಾಡಿಸಿದೆವು.

ಪರದೆಯ ಮೇಲೆ ಹಸಿರು ಗೆರೆ ಓಡುತ್ತದೆ. ದನಿ ಬಂದಲ್ಲಿ ಗುಡ್ಡ, ಸುಮ್ಮನಿದ್ದಲ್ಲಿ ಬಯಲು. ತಬಲಾದ ಪೆಟ್ಟು ಮಾತ್ರ ಬೇಲಿಯ ಗೂಟದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಸಮ್ ಅಂದರೇನೆಂದು ಮಾಯಾ ಕೇಳಿದಳು. ತಾಳದ ಮೊದಲ ಪೆಟ್ಟು, ಎಲ್ಲಿ ತಿರುಗಿ ಬಂದರೂ ಹಾಡು ತಬಲಾ ಎರಡೂ ಅಲ್ಲಿ ಕೂಡಬೇಕು ಎಂದೆ. ‘ಹಂಗಾರ ಗೂಟದ ಮ್ಯಾಲ ಗುಡ್ಡ ಕೂಡಬೇಕಲ್ರಿ’ ಅಂದಳು. ಹೌದು ಅಂದೆ.

ನಾನು ಶಾಲೆಯ ಸ್ಟೀಲ್ ಪಟ್ಟಿ ತೆಗೆದುಕೊಂಡು ಪರದೆಗೆ ಹಿಡಿದು ಗೂಟದಿಂದ ಗೂಟಕ್ಕೆ ಅಳೆದೆ. ಮಿಲ್ಲಿನ ಕಟಿಂಗ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಹಾಳೆ ಅಳೆದವನು. ಪಟ್ಟಿಯ ಮುಂದೆ ನಾನು ವಾದ ಮಾಡುವುದಿಲ್ಲ. ಗೂಟಗಳು ಶುರುವಿನಿಂದ ಕೊನೆಯವರೆಗೆ ಒಂದೇ ಅಂತರ. ಗುಡ್ಡಗಳೇ ಮುಂದೆ ಮುಂದೆ ಬರುತ್ತಿದ್ದವು. ಲಕ್ಷ್ಮಿಯದು ಬಹಳ ಮುಂದೆ. ಉಳಿದವರದು ಸ್ವಲ್ಪ ಸ್ವಲ್ಪ.

ಮಾಯಾ ಒಂಬತ್ತು ಗೆರೆಗಳನ್ನು ಒಂದರ ಕೆಳಗೊಂದು ಹಚ್ಚಿ ತೋರಿಸಿದಳು. ಆಮೇಲೆ ಕೇಳಿದಳು: ‘ಸರ್, ತಪ್ಪ ತಿಳಕೋಬ್ಯಾಡ್ರಿ. ಒಂಬತ್ತು ಮಂದಿ ಬ್ಯಾರೆ ಬ್ಯಾರೆ ಮನಿಯವ್ರು. ಎಲ್ಲಾರೂ ಒಂದ ಜಾಗಾದಾಗ ಓಡಾಕ ಹೆಂಗ ಕಲತ್ರು?’

ನಾನು ಆಕೆಗೆ ಬಯ್ದೆ. ಏನು ಬಯ್ದೆ ಎಂದು ಬರೆಯುವುದಿಲ್ಲ. ಹೊರಗೆ ಬಂದಾಗ ಮಕ್ಕಳು ನನ್ನ ಚಪ್ಪಲಿ ಹುಡುಕಿ ಕೊಟ್ಟರು.

ಇತಿ,
ಗೂಳಪ್ಪ

*

ಸಾಂಬ್ರಾಣಿ
೨೯ ನವೆಂಬರ್ ೨೦೦೩

ಮಾಸ್ತರರಿಗೆ ನಮಸ್ಕಾರಗಳು.

ಆ ಹುಡುಗಿಗೆ ಬಯ್ಯಬೇಡಿ.

ಥಾವರೆಪ್ಪ

*

ಹಳೇ ದಾಂಡೇಲಿ
೨೨ ಡಿಸೆಂಬರ್ ೨೦೦೩

ಥಾವರೆಪ್ಪ,

ಮಾಯಾ ಟೀಚರ್ ಹತ್ತಿರ ಹೋಗಿ ತಪ್ಪಾಯಿತು ಅಂದೆ. ‘ಇರಲಿ ಬಿಡ್ರಿ ಸರ್, ನಮ್ಮಪ್ಪಾರೂ ಹಿಂಗ’ ಅಂದಳು. ಅದಾಯಿತು.

ಎಂಬತ್ತೆಂಟರಲ್ಲಿ ಮಿಲ್ ಕಾಲನಿಯ ಗಣಪತಿ ಮುಂದೆ ನಾವು ಹಾಡಿದ್ದನ್ನು ಕ್ಯಾಸೆಟ್ ಮಾಡಿದ್ದರು. ಅದನ್ನು ಆಕೆಗೆ ಕೊಟ್ಟೆ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವೈರು ಹಾಕಿ ಇಳಿಸಿಕೊಂಡಳು. ಅಲ್ಲಿ ಪೆಟ್ಟಿಗೆ ಇಲ್ಲ. ಬಾರಿಸಿದವನು ನೀನು, ಹಾಡಿದವನು ನಾನು.

ಮೊದಲ ಆವರ್ತನದ ಹದಿನಾರು ಗೂಟ ಪಟ್ಟಿಯ ಮೇಲೆ ಒಂಬತ್ತು ಇಂಚು. ಅಂತರಾ ಇಳಿದ ಮೇಲೆ ಎಂಟು. ಕೊನೆಗೆ ಏಳಕ್ಕಿಂತ ಒಂದು ಗೀಟು ಕಡಿಮೆ. ಮೂರು ಸಲ ಅಳೆದೆ. ‘ಗೆರಿ ದೊಡ್ಡದು ಸಣ್ಣದು ಮಾಡಿಲ್ಲ ಹೌದಲ್ಲೋ’ ಎಂದು ಮಾಯಾಗೆ ಕೇಳಿದೆ. ಇಲ್ಲ ಅಂದಳು.

ನಾನು ಓಡಿದ್ದೇನೆ. ನೀನು ನನ್ನ ಹಿಂದೆ ಓಡಿದ್ದೀಯ. ಎಲ್ಲಿಯೂ ಗುಡ್ಡ ಗೂಟ ಬಿಟ್ಟಿಲ್ಲ. ಪ್ರತಿ ಸಮ್ ಕೂಡಿದೆ. ನಾನು ಎಲ್ಲಿ ಬಂದು ಬೀಳುತ್ತೇನೋ ಅಲ್ಲಿಗೆ ನೀನು ಸಮ್ ತಂದು ಇಟ್ಟಿದ್ದೀಯ. ಜನ ಚಪ್ಪಾಳೆ ತಟ್ಟಿದ್ದು ಕ್ಯಾಸೆಟ್ಟಿನಲ್ಲಿ ಇದೆ. ನಾನು ‘ವಾ’ ಅಂದದ್ದೂ ಇದೆ, ನನಗೆ ನಾನೇ.

ಹಾಗಾದರೆ ಇಪ್ಪತ್ತೆರಡು ವರ್ಷ ನಾನು ಮಕ್ಕಳಿಗೆ ಕಲಿಸಿದ್ದೇನು? ಓಡುವುದು. ಮಕ್ಕಳಿಗೆ ನೀನು ಬಾರಿಸಿದ್ದೇನು? ಓಡಿದವರ ಹಿಂದೆ. ಪರೀಕ್ಷೆಗೆ ಹೋದವರೆಲ್ಲ ಪಾಸಾಗಿದ್ದು ನನ್ನ ಪಾಠದಿಂದ ಎಂದುಕೊಂಡಿದ್ದೆ.

ನಿನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನನ್ನನ್ನು ಮಂದಿಯ ಮುಂದೆ ಮೂರ್ಖನನ್ನಾಗಿ ಕೂಡಿಸಿ ನೀನು ಒಳಗೊಳಗೇ ನಕ್ಕಿರಬೇಕು. ತಿಂಗಳಾಯಿತು, ಹಾರ್ಮೋನಿಯಂ ಮುಂದೆ ಕೂತರೆ ಬಾಯಿ ತೆರೆಯುವುದಿಲ್ಲ. ನಾನು ಎಂದಾದರೂ ತಾಳಕ್ಕೆ ಸರಿಯಾಗಿ ಹಾಡಿದ್ದೇನೋ ಇಲ್ಲವೋ ಹೇಳುವವನು ನೀನೊಬ್ಬನೇ. ಬರುವ ರವಿವಾರ ಬಾ. ಬಂದು ಮುಖದ ಮುಂದೆ ಹೇಳು. ತಬಲಾ ತಗೊಂಡು ಬಾ.

ಇತಿ,
ಗೂಳಪ್ಪ

*

ಸಾಂಬ್ರಾಣಿ
೧೧ ಜನವರಿ ೨೦೦೪

ಗೂಳಪ್ಪ ಮಾಸ್ತರರಿಗೆ ಥಾವರೆಪ್ಪನ ನಮಸ್ಕಾರಗಳು.

ಕಾರ್ಡಿನಲ್ಲಿ ಹಿಡಿಸುವುದಿಲ್ಲ ಎಂದು ಇನ್‌ಲ್ಯಾಂಡ್ ತಂದೆ. ಎರಡು ದಿನದಿಂದ ಬರೆಯುತ್ತಿದ್ದೇನೆ.

ನಾನು ಹೇಳಿರಲಿಲ್ಲ ಎನ್ನುತ್ತೀರಿ. ಹೇಳಿದ್ದೆ. ಎಂಬತ್ತಮೂರರಲ್ಲಿ ಹಳಿಯಾಳದಲ್ಲಿ ಒಂದು ಮದುವೆಯಲ್ಲಿ ಹಾಡಿದಿರಿ. ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವಾಗ, ‘ಮಾಸ್ತರ, ಮ್ಯಾಲಿಂದ ಇಳಿಯೂ ಮುಂದ ಒಂಚೂರು ಓಡತೀರಿ’ ಅಂದೆ. ನೀವು ಕಪ್ಪನ್ನು ಟೇಬಲ್ ಮೇಲೆ ಕುಕ್ಕಿದಿರಿ. ಚಹಾ ನನ್ನ ಧೋತರದ ಮೇಲೆ ಬಿತ್ತು. ‘ಬಾರ್ಸವ್ರು ಹಾಡವ್ರಿಗೆ ಕಲಸೂ ಹೊತ್ತು ಬಂತೇನ? ನಾಳಿಂದ ಬರಬ್ಯಾಡ’ ಅಂದಿರಿ. ನಾನು ಹೋಗಲಿಲ್ಲ.

ನಾಲ್ಕು ತಿಂಗಳು ನಿಮಗೆ ಲಗಮಪ್ಪ ಬಾರಿಸಿದ. ಅವನು ಯಾರ ಹಿಂದೆಯೂ ಹೋಗುವವನಲ್ಲ. ಪ್ರತಿ ಕಾರ್ಯಕ್ರಮಕ್ಕೂ ನಿಮ್ಮಿಬ್ಬರಿಗೆ ಜಗಳವಾಯಿತು ಎಂದು ಕೇಳಿದೆ. ಆಮೇಲೆ ಒಂದು ದಿನ ನೀವೇ ಸಾಂಬ್ರಾಣಿಗೆ ಬಂದಿರಿ. ಕಟ್ಟೆಯ ಮೇಲೆ ಕೂತು, ‘ನಡಿ ಥಾವರೆಪ್ಪ, ಆ ಲಗಮಪ್ಪಗ ಲಯಾನ ಇಲ್ಲ’ ಅಂದಿರಿ. ಒಳಗಿನಿಂದ ಭೀಮಿಬಾಯಿ, ‘ಲಯಾ ಯಾರಿಗಿಲ್ಲಂತ?’ ಎಂದು ಕೇಳಿದಳು. ನಾನು ಆಕೆಗೆ ರೊಟ್ಟಿ ಹಾಕಲು ಹೇಳಿ ನಿಮ್ಮ ಸಂಗಡ ಹೊರಟೆ.

ಅವತ್ತಿನಿಂದ ಹೇಳಲಿಲ್ಲ. ಹಾಡುವವರ ಸಂಗಡ ಹೋಗುವುದು ನನ್ನ ಕೆಲಸ. ನೀವು ಓಡಿದರೆ ನಾನು ಓಡಿದೆ, ಇದರಲ್ಲಿ ನನಗೆ ತ್ರಾಸಾಗಲಿಲ್ಲ. ನಕ್ಕಿದ್ದೂ ಇಲ್ಲ. ಓಡಿದರೂ ನಿಮ್ಮ ಹಾಡು ಚಲೋ ಇತ್ತು. ಚಲೋ ಇರದಿದ್ದರೆ ಎರಡು ಬಸ್ ಬದಲಿಸಿ ಯಾಕೆ ಬರುತ್ತಿದ್ದೆ.

ಮಕ್ಕಳ ಮಾತು ಬೇರೆ. ಅವರ ಹಿಂದೆ ಓಡಬಾರದಿತ್ತು. ಸಣ್ಣವರು, ತಪ್ಪಿದರೆ ನೀವು ಬಯ್ಯುತ್ತೀರಿ ಎಂದು ಸಮ್ ಅವರ ಕಾಲ ಕೆಳಗೆ ಸರಿಸಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಈಗ ಬಾ ಅನ್ನುತ್ತೀರಿ. ನಾನು ಬರುವುದಿಲ್ಲ. ಜೂನ್ ತಿಂಗಳ ಪತ್ರದ ಸಿಟ್ಟು ಇದ್ದದ್ದು ಹೌದು. ಭತ್ತ ಕೊಯ್ಯುವ ಹೊತ್ತಿಗೆ ಇಳಿಯಿತು. ಬರದಿರುವುದು ಅದಕ್ಕಲ್ಲ. ನಾನು ಬಂದು ಕೂತರೆ ಕೈ ಮತ್ತೆ ಮಕ್ಕಳ ಹಿಂದೆ ಓಡುತ್ತದೆ. ಪರೀಕ್ಷೆಯಲ್ಲಿ ಬಾರಿಸುವವನು ಓಡುವುದಿಲ್ಲ. ಪೆಟ್ಟಿಗೆಗೆ ಯಾರ ಮೇಲೂ ಕರುಣೆ ಇಲ್ಲ, ಅವರಿಗೆ ಈಗ ಅದೇ ಬೇಕು. ನಿಮಗೂ ಅದೇ ಬೇಕು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ.

ಥಾವರೆಪ್ಪ

*

ಹಳೇ ದಾಂಡೇಲಿ
೯ ಫೆಬ್ರುವರಿ ೨೦೦೪

ಥಾವರೆಪ್ಪ,

ಮೊದಲ ಸಲ ಓದಿ ನಿನ್ನ ಪತ್ರ ಹರಿದು ಹಾಕಿದೆ. ಗೋದುಬಾಯಿ ಅನ್ನದ ಅಗಳು ಹಚ್ಚಿ ಕೂಡಿಸಿ ತಂದು ಮುಂದಿಟ್ಟಳು. ಎರಡನೇ ಸಲ ಓದಿದೆ.

ಹಳಿಯಾಳದ ಚಹಾ ನೆನಪಾಯಿತು. ಲಗಮಪ್ಪನದೂ ನೆನಪಾಯಿತು. ಅವನಿಗೆ ಲಯ ಇತ್ತು. ಅವನು ತೀರಿಹೋಗಿ ಆರು ವರ್ಷವಾಯಿತು, ಯಾರಿಗೆ ಹೇಳಲಿ.

ಈಗ ನಡೆಯುತ್ತಿರುವುದನ್ನು ಬರೆಯುತ್ತೇನೆ. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗುವುದರೊಳಗೆ ಪೆಟ್ಟಿಗೆ ಹಚ್ಚಿ ಕೂಡುತ್ತೇನೆ. ಕೆಂಪು ಟಿಕಳಿ. ಗುಂಡಿ ಪೂರಾ ಎಡಕ್ಕೆ. ಹಾರ್ಮೋನಿಯಂ ಇಲ್ಲ, ಹಾಡಿಲ್ಲ, ಬರೀ ಕೈಯಲ್ಲಿ ತಾಳ. ಹದಿನೈದು ದಿನ ಅಷ್ಟೇ. ಆಮೇಲೆ ಸರಿಗಮ. ಇಳಿಯುವಾಗ ಪೆಟ್ಟಿಗೆ ಹಿಂದೆ ಬೀಳುತ್ತದೆ ಎಂದು ಈಗಲೂ ಅನಿಸುತ್ತದೆ, ಕಿವಿಗೆ ಹಾಗೇ ಕೇಳುತ್ತದೆ. ಪಟ್ಟಿಯಿಂದ ಅಳೆದದ್ದು ನೆನೆಸಿಕೊಂಡು ತಡೆಯುತ್ತೇನೆ. ನಿನ್ನೆ ಎರಡು ಸಲ ಸಮ್ ಸಿಕ್ಕಿತು. ಹದಿನೇಳು ಸಲ ಸಿಗಲಿಲ್ಲ. ಗೋದುಬಾಯಿ ಅಡಿಗೆಮನೆಯಿಂದಲೇ, ‘ತಪ್ಪಿತು’ ಅನ್ನುತ್ತಾಳೆ. ಇಷ್ಟು ವರ್ಷ ಆಕೆಗೂ ಗೊತ್ತಿತ್ತೋ ಏನೋ, ಕೇಳಲಿಲ್ಲ.

ವಾರಕ್ಕೊಮ್ಮೆ ಚಪ್ಪಲಿ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋಗುತ್ತೇನೆ. ಮಾಯಾ ಹಿಡಿಯುತ್ತಾಳೆ, ನಾನು ಅಳೆಯುತ್ತೇನೆ. ಮೌಸ್ ಹಿಡಿಯಲು ಬರುತ್ತದೆ ಈಗ. ಗೆರೆ ಹಿಗ್ಗಿಸುವುದು, ಕುಗ್ಗಿಸುವುದು, ಬೇಡಾದದ್ದು ಕತ್ತರಿಸಿ ಒಗೆಯುವುದು ಎಲ್ಲ ನಾನೇ ಮಾಡುತ್ತೇನೆ. ಪ್ರತಿ ಹುಡುಗಿಗೆ ಅವಳ ಗೆರೆ ತೋರಿಸಿ, ‘ಇಲ್ಲಿ ಗೂಟ, ಇಲ್ಲಿ ನೀನು’ ಅನ್ನುತ್ತೇನೆ. ಬಾಯಿಂದ ನೂರು ಸಲ ಹೇಳಿದ್ದು ಹತ್ತದವರಿಗೆ ಅದನ್ನು ನೋಡಿದರೆ ಹತ್ತುತ್ತದೆ.

ಮಕ್ಕಳಿಗೆ ಒಂದು ದಿನ ಹೇಳಿಯೇಬಿಟ್ಟೆ: ‘ನಾ ಕಲಿಸಿದ್ದು ತಪ್ಪೈತಿ. ಓಡೂದು ನಂದು, ನಿಮಗ ಹತ್ತೈತಿ.’ ಲಕ್ಷ್ಮಿ ಎದ್ದು ನಿಂತು, ‘ಸರ್, ನಮಗ ಗೊತ್ತಿತ್ರಿ. ನಾವು ಓಡಿದ್ರ ಥಾವರೆಪ್ಪ ಅಜ್ಜಾರು ಹುಬ್ಬು ಹಾರಸ್ತಿದ್ರು, ಆಮ್ಯಾಲ ಜಲ್ದಿ ಜಲ್ದಿ ಬಾರಸ್ತಿದ್ರು. ಅದು ಆಟ ಅಂತ ತಿಳಕೊಂಡಿದ್ವಿ’ ಅಂದಳು. ಎಲ್ಲರೂ ನಕ್ಕರು. ಹುಬ್ಬು ಹಾರಿಸುತ್ತಿದ್ದೆಯಂತೆ, ಬೇಕೂಫ.

ಇತಿ,
ಗೂಳಪ್ಪ

*

ಹಳೇ ದಾಂಡೇಲಿ
೧೦ ಮೇ ೨೦೦೪

ಥಾವರೆಪ್ಪ,

ಪರೀಕ್ಷೆಯ ಫಲಿತಾಂಶ ಬಂತು. ಒಂಬತ್ತರಲ್ಲಿ ಆರು ಪಾಸು. ಮೂರು ಮಂದಿ ಫೇಲು. ನಿನ್ನ ಕಾಲದಲ್ಲಿ ಒಬ್ಬರೂ ಫೇಲಾಗುತ್ತಿರಲಿಲ್ಲ ಎಂದು ದೊಡ್ಡ ಬಾಯಾರು ಹೇಳಿದರು. ಹೌದು ಅಂದೆ. ಮೂವರಲ್ಲಿ ಇಬ್ಬರ ತಾಯಂದಿರು ಬಂದು ಜಗಳ ಮಾಡಿದರು. ದುರ್ಗವ್ವ ಅಂತೂ, ‘ಪೆಟ್ಟಿಗಿ ತಂದು ನಮ್ಮ ಹುಡಿಗಿ ಬಾಳೇ ಹಾಳ ಮಾಡಿದ್ರಿ. ಅಜ್ಜನ್ನ ಕರಸ್ರಿ’ ಎಂದು ಬಾಗಿಲಲ್ಲೇ ಕೂತಳು. ಅವಳ ಮಗಳ ಗೆರೆ ತೋರಿಸಿ ಅರ್ಧ ತಾಸು ತಿಳಿಸಿ ಹೇಳಿದೆ. ‘ನನಗ ಗೆರಿ ತಿಳಿಯಂಗಿಲ್ಲ, ನೀವು ಮೊದಲಿನಂಗ ಬಯ್ರಿ’ ಅಂದಳು.

ಲಕ್ಷ್ಮಿ ಪಾಸಾದಳು. ತಬಲಾ ಬಾರಿಸಿದವನು ಹೊಸಬ, ಒಂದು ಸಲವೂ ಅವಳ ಮುಖ ನೋಡಲಿಲ್ಲವಂತೆ. ಇಳಿಯುವಾಗ ಸಮ್‌ಗೆ ಸರಿಯಾಗಿ ಬಂದು ನಿಂತಳಂತೆ.

ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ನೀನು ಬರೆದಿದ್ದೆ. ಮುಗಿಯಿತು. ನೀನು ಬರಬೇಡ, ನಾನೇ ಸಾಂಬ್ರಾಣಿಗೆ ಬರುತ್ತೇನೆ. ಹಾಡುತ್ತೇನೆ, ನೀನು ಬಾರಿಸು. ಒಂದೇ ಕರಾರು. ನಾನು ಓಡಿದರೆ ಹಿಂದೆ ಬರಬೇಡ. ಕೈ ಎತ್ತಿ ಸುಮ್ಮನೆ ಕೂಡು. ನಾನೊಬ್ಬನೇ ಬೀಳುತ್ತೇನೆ. ಎಲ್ಲಿ ಬಿದ್ದೆ ಅಂತ ನನಗೆ ತಿಳಿಯಬೇಕು.

ಇದಕ್ಕೆ ಒಪ್ಪದಿದ್ದರೆ ಬರೆ, ಬರುವುದಿಲ್ಲ. ಆಮೇಲೆ ಎಂದೂ ಕೇಳುವುದೂ ಇಲ್ಲ.

ಇತಿ,
ಗೂಳಪ್ಪ

*

ಸಾಂಬ್ರಾಣಿ
೧೯ ಮೇ ೨೦೦೪

ಮಾಸ್ತರರಿಗೆ ನಮಸ್ಕಾರಗಳು.

ಒಪ್ಪಿದೆ. ಮೇ ೩೦ರ ರವಿವಾರ ಬನ್ನಿ. ಗೋದುಬಾಯಿ ವೈನಿಯವರನ್ನೂ ಕರೆದುಕೊಂಡು ಬನ್ನಿ, ಭೀಮಿಬಾಯಿ ಹೇಳಿದ್ದಾಳೆ. ಹಾರ್ಮೋನಿಯಂ ಇಲ್ಲಿ ಭಜನಾ ಮಂಡಳಿಯದು ಇದೆ, ಸ್ವಲ್ಪ ಸೋರುತ್ತದೆ.

ಥಾವರೆಪ್ಪ

*

ಹಳೇ ದಾಂಡೇಲಿ
೧ ಜೂನ್ ೨೦೦೪

ಥಾವರೆಪ್ಪ,

ಸುಖವಾಗಿ ಮುಟ್ಟಿದೆವು. ಭೀಮಿಬಾಯಿ ಕಟ್ಟಿಕೊಟ್ಟ ರೊಟ್ಟಿ ಹಳಿಯಾಳದಲ್ಲಿ ಬಸ್ ಕಾಯುವಾಗ ತಿಂದೆವು. ನಿಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ಸ್ವಲ್ಪ ಸೋರುವುದಲ್ಲ, ಜರಡಿ ಅದು. ಆ ಗಾಳಿಗೆ ಉಬ್ಬಸ ಬಂದಿತ್ತು ನನಗೆ.

ಮುಕ್ಕಾಲು ತಾಸು ಹಾಡಿದೆ. ಎರಡು ಸಲ ನೀನು ಕೈ ಎತ್ತಿದೆ. ಮೊದಲನೆಯ ಸಲ ಅಂತರಾದಲ್ಲಿ. ತಬಲಾ ನಿಂತದ್ದೇ ತಡ ನನ್ನ ದನಿಯೊಂದೇ ಗೋಡೆಗೆ ಬಡಿದು ವಾಪಸು ಬಂದ ಹಾಗಾಯಿತು. ಕಟ್ಟೆಯ ಮೇಲೆ ಕೂತ ಮಂದಿ ತಬಲಾ ಹರಿಯಿತೇನೋ ಎಂದು ಬಗ್ಗಿ ನೋಡಿದರು. ನಾನು ನಿಂತೆ. ನೀನು ಮತ್ತೆ ಶುರು ಮಾಡಿದೆ. ಎರಡನೆಯ ಸಲ ಸ್ವರಗಳನ್ನು ಸರಸರ ಹೇಳುವ ತಾನಿನಲ್ಲಿ. ಆಗಲೂ ಹಾಗೇ. ಉಳಿದದ್ದೆಲ್ಲ ಕೂಡಿಯೇ ಹೋಯಿತು. ಕೊನೆಯ ಸಮ್‌ಗೆ ಇಬ್ಬರೂ ಬಂದು ಕೂತೆವು. ಆಗ ನೀನು ತಲೆ ಎತ್ತಲಿಲ್ಲ, ಡಗ್ಗಾ ಒರೆಸುತ್ತಿದ್ದೆ. ಬಸ್ಸಿಗೆ ಕಳಿಸಲು ಬಂದಾಗಲೂ ಮಳೆಯ ಮಾತು, ಬೀಜದ ಮಾತು.

ಮಾಯಾ ತನ್ನ ಸಣ್ಣ ರೆಕಾರ್ಡರ್ ಕೊಟ್ಟಿದ್ದಳು. ಹಾಡಿದ್ದೆಲ್ಲ ಅದರಲ್ಲಿ ಇದೆ. ಕಂಪ್ಯೂಟರಿಗೆ ಹಾಕಿ ಪಟ್ಟಿ ಹಿಡಿಯಲು ಎಷ್ಟು ಹೊತ್ತು ಬೇಕು. ಹಾಕಿಲ್ಲ. ಮೊದಲು ನೀನು ಹೇಳು. ಎರಡೇ ಸಲ ಓಡಿದೆನೇ? ಖರೆ ಬರೆ.

ಇತಿ,
ಗೂಳಪ್ಪ

*

ಸಾಂಬ್ರಾಣಿ
೧೦ ಜೂನ್ ೨೦೦೪

ಮಾಸ್ತರರಿಗೆ ನಮಸ್ಕಾರಗಳು.

ಮೂರು ಸಲ. ಎರಡಕ್ಕೆ ನಿಂತೆ. ಮೂರನೆಯದಕ್ಕೆ ನಿಲ್ಲಬೇಕೆಂದಿದ್ದೆ, ಹಾಡು ಬಹಳ ಚಲೋ ಇತ್ತು, ಕೈ ನಿಲ್ಲಲಿಲ್ಲ. ಎಲ್ಲಿ ಎಂದು ಹೇಳುವುದಿಲ್ಲ. ಅಳೆಯಬೇಕೆಂದರೆ ಅಳೆಯಿರಿ.

ಥಾವರೆಪ್ಪ